ಧಾರಾವಾಹಿ ಮುಗಿದ ಸೋಮವಾರ

"ಡಾಕ್ಟ್ರೇ, ಅಮ್ಮ ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ. ಜ್ವರ ಇಲ್ಲ, ಕೆಮ್ಮು ಇಲ್ಲ. ಕೇಳಿದರೆ ಏನೂ ಇಲ್ಲ ಅಂತಾರೆ. ನೋಡಿದರೆ ಅವರ ಸೀರಿಯಲ್ಲು ಮುಗಿದುಹೋಗಿದೆಯಂತೆ. ಇದಕ್ಕೂ ಔಷಧಿ ಇದೆಯಾ?"

ಹೀಗೆ ಕೇಳುವ ಮಗನ ಮುಖದಲ್ಲಿ ಅರ್ಧ ಆತಂಕ, ಅರ್ಧ ನಗು. ಪಕ್ಕದಲ್ಲಿ ಕುಳಿತ ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿರುತ್ತಾರೆ. ಹೊಟ್ಟೆನೋವು ಎನ್ನಲು ನಾಚಿಕೆಯಿಲ್ಲ, ಮಂಡಿನೋವು ಎನ್ನಲು ನಾಚಿಕೆಯಿಲ್ಲ. ಧಾರಾವಾಹಿ ಮುಗಿದು ಬೇಸರವಾಗಿದೆ ಎಂದು ಹೇಳಿಕೊಳ್ಳಲು ಮಾತ್ರ ನಾಚಿಕೆ. ಈ ವಾರ ಆ ಬೇಸರದ ವಿಷಯವನ್ನೇ ತೆಗೆದುಕೊಳ್ಳೋಣ. ಅದು ಕಾಯಿಲೆಯಲ್ಲ. ಆದರೆ ನಕ್ಕು ತಳ್ಳಿಹಾಕುವಂಥದ್ದೂ ಅಲ್ಲ. ವಯಸ್ಸಾದವರು ಒಂಟಿಯಾಗಿರುವ ಮನೆಗಳಲ್ಲಿ ರಕ್ತದೊತ್ತಡದ ಮಾತ್ರೆ, ರಾತ್ರಿಯ ಊಟ, ನಿದ್ದೆ ಎಲ್ಲವೂ ಆ ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಗಂಟುಬಿದ್ದಿರುತ್ತವೆ.

ಖಾಲಿಯಾಗುವುದು ಏನು?

ಪಿರಿಯಾಪಟ್ಟಣದ ಆಸುಪಾಸಿನ ಒಂದು ಹಳ್ಳಿಯ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಇಂಥ ಮನೆ ಹುಣಸೂರಿನಲ್ಲೂ ಇದೆ, ಕೃಷ್ಣರಾಜನಗರದಲ್ಲೂ ಇದೆ, ಹೆಗ್ಗಡದೇವನಕೋಟೆಯಲ್ಲೂ ಇದೆ. ಹೊಗೆಸೊಪ್ಪಿನ ಕಾಲ. ಮಗ ಸೊಸೆ ಬ್ಯಾರನ್ ಬಳಿ ಇದ್ದಾರೆ. ಸೊಪ್ಪು ಹದವಾಗುವ ತನಕ ಬೆಂಕಿ ಆರದಂತೆ, ಹೆಚ್ಚೂ ಆಗದಂತೆ ಹಗಲೂ ರಾತ್ರಿ ಕಾಯಬೇಕು. ಮೊಮ್ಮಗ ಮೈಸೂರಿನ ಹಾಸ್ಟೆಲ್‌ನಲ್ಲಿ, ಮಗಳು ಬೆಂಗಳೂರಿನಲ್ಲಿ. ಯಜಮಾನರು ತೀರಿಕೊಂಡು ಕೆಲವು ವರ್ಷಗಳಾದವು. ಸಂಜೆ ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಮಾತಾಡುವವರು ಯಾರು? ಟೀವಿಯೊಳಗಿನವರು. ಏಳೂವರೆಗೆ ಬರುತ್ತಾರೆ, ಎಂಟಕ್ಕೆ ಹೋಗುತ್ತಾರೆ, ನಾಳೆ ಮತ್ತೆ ಬರುತ್ತಾರೆ. ಇಷ್ಟು ಖಚಿತವಾಗಿ ಬಂದುಹೋಗುವ ನೆಂಟರು ಆ ತಾಯಿಗೆ ಬೇರೆ ಯಾರೂ ಇಲ್ಲ.

ಒಂದು ಶುಕ್ರವಾರ ಕೊನೆಯ ಕಂತು ಬರುತ್ತದೆ. ಕೆಟ್ಟವರಿಗೆ ಶಿಕ್ಷೆಯಾಗುತ್ತದೆ, ಮನೆಮಂದಿಯೆಲ್ಲ ಒಂದಾಗಿ ನಿಂತು ಕೈ ಮುಗಿಯುತ್ತಾರೆ, ತಂತ್ರಜ್ಞರ ಹೆಸರುಗಳು ಓಡುತ್ತವೆ. ಶನಿವಾರ, ಭಾನುವಾರ ಹೇಗೋ ಕಳೆಯುತ್ತದೆ. ವಾರಕ್ಕೆ ಐದು ದಿನ ಬರುವ ಧಾರಾವಾಹಿಗೆ ಆ ಎರಡು ದಿನ ರಜೆಯೇ ತಾನೆ! ಕಷ್ಟ ಶುರುವಾಗುವುದು ಸೋಮವಾರ ಏಳೂವರೆಗೆ. ಕೈ ರಿಮೋಟ್ ಒತ್ತುತ್ತದೆ. ಅದೇ ಚಾನೆಲ್, ಅದೇ ಹೊತ್ತು, ಬೇರೆ ಯಾರೋ ಅಪರಿಚಿತರು ಜಗಳವಾಡುತ್ತಿದ್ದಾರೆ.

ಒಂದು ಲೆಕ್ಕ ಹಾಕಿ ನೋಡಿ. ವಾರಕ್ಕೆ ಐದು ದಿನದಂತೆ ಮೂರು ವರ್ಷ ನಡೆದ ಧಾರಾವಾಹಿಯೆಂದರೆ ಹೆಚ್ಚುಕಡಿಮೆ 780 ಕಂತುಗಳು. ಜಾಹೀರಾತು ಕಳೆದು ಕಂತಿಗೆ 20 ನಿಮಿಷ ಹಿಡಿದರೂ 260 ಗಂಟೆಯಾಯಿತು. ಬೇರೆ ಊರಿನಲ್ಲಿರುವ ನಿಮ್ಮ ಒಡಹುಟ್ಟಿದವರೊಂದಿಗೆ ಕಳೆದ ಮೂರು ವರ್ಷದಲ್ಲಿ ನೀವು ಎಷ್ಟು ಗಂಟೆ ಎದುರುಬದುರು ಕುಳಿತಿದ್ದೀರಿ? ಈ ಲೆಕ್ಕವನ್ನು ನಾನು ನನಗೂ ಹಾಕಿಕೊಂಡೆ. ಬಂದ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.

ಇದಕ್ಕೊಂದು ಹೆಸರಿದೆ

1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಲೇಖನ ಬರೆದರು. ಟೀವಿ, ರೇಡಿಯೊಗಳಲ್ಲಿ ದಿನವೂ ಕಾಣುವ, ಕೇಳುವ ವ್ಯಕ್ತಿಗಳೊಂದಿಗೆ ಜನ ಒಂದು ಬಗೆಯ ಸ್ನೇಹ ಬೆಳೆಸಿಕೊಳ್ಳುತ್ತಾರೆ ಎಂಬುದನ್ನು ಅವರು ಗುರುತಿಸಿ, ಅದಕ್ಕೆ 'ಪ್ಯಾರಾಸೋಷಿಯಲ್' ಎಂಬ ಹೆಸರು ಕೊಟ್ಟರು. ನಾವು ಏಕಮುಖ ನಂಟು ಎನ್ನಬಹುದು. ನಮಗೆ ಅವರು ಗೊತ್ತು, ಅವರಿಗೆ ನಾವು ಗೊತ್ತಿಲ್ಲ.

ಮೈಸೂರು ಜಿಲ್ಲೆಯವರಿಗೆ ಈ ಮಾತು ಹೊಸದಾಗಿ ಕಾಣಬೇಕಿಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಆರಂಭಿಸಿದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಎಂಜಿನಿಯರ್ ಅಲ್ಲ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರು. ಎಲ್ಲಿಂದಲೋ ಬಂದ ಒಂದು ದನಿ ಮನೆಯೊಳಗೆ ಕೂತು ಮಾತಾಡಿದರೆ ಮನುಷ್ಯನಿಗೆ ಏನಾಗುತ್ತದೆಂಬುದು ಅಂಥವರಿಗೆ ಬಿಡಿಸಿ ಹೇಳಬೇಕಾದ ವಿಷಯವಾಗಿರಲಾರದು.

ಇದು ತಿಳಿಯದವರ, ಓದದವರ ದೌರ್ಬಲ್ಯ ಎಂದುಕೊಳ್ಳಬೇಡಿ. ಪಾತ್ರ ಸುಳ್ಳು, ನಟಿ ಬೇರೆ, ಕಥೆ ಬರೆದವರು ಬೇರೆ ಎಂಬುದು ನೋಡುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಆದರೆ ದಿನಾ ಕಾಣುವ ಮುಖ, ದಿನಾ ಕೇಳುವ ದನಿಗೆ ಮನಸ್ಸು ಒಗ್ಗಿಕೊಳ್ಳುವುದಕ್ಕೆ ಈ ತಿಳಿವಳಿಕೆ ಅಡ್ಡಿಯಾಗುವುದಿಲ್ಲ. ನಗುವ ಗಂಡಸರಿಗೂ ಒಂದು ಮಾತು. 2012ರಲ್ಲಿ ರಾಹುಲ್ ದ್ರಾವಿಡ್ ಟೆಸ್ಟ್ ಕ್ರಿಕೆಟ್‌ಗೆ ವಿದಾಯ ಹೇಳಿದಾಗ ನಿಮ್ಮ ಗಂಟಲು ಕಟ್ಟಲಿಲ್ಲವೇ? 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರನ್ನು ಒಮ್ಮೆಯೂ ಎದುರಿಗೆ ಕಾಣದ ಎಷ್ಟು ಮಂದಿ ಮನೆಯವರೇ ಹೋದಂತೆ ಅತ್ತರು! ಆ ನಂತರದ ದಿನಗಳಲ್ಲಿ ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳಿಗೆ ಎದೆ ತಪಾಸಣೆ ಮಾಡಿಸಿಕೊಳ್ಳಲು ಬಂದವರ ಸಂಖ್ಯೆ ಒಮ್ಮೆಲೇ ಏರಿತು. ಅದು ನಿಜವಾದ ಸಾವು, ಅದರ ತೂಕವೇ ಬೇರೆ. ಆದರೆ ನಂಟಿನ ಜಾತಿ ಒಂದೇ.

ಸಂಶೋಧನೆ ಏನು ಹೇಳುತ್ತದೆ?

ಅಮೆರಿಕದಲ್ಲಿ ಹತ್ತು ವರ್ಷ ಓಡಿದ 'ಫ್ರೆಂಡ್ಸ್' ಎಂಬ ಹಾಸ್ಯ ಧಾರಾವಾಹಿ 2004ರ ಮೇ 6ರಂದು ಮುಗಿಯಿತು. ಆಗ 279 ವಿದ್ಯಾರ್ಥಿಗಳನ್ನು ಕೇಳಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಪಾತ್ರದೊಂದಿಗೆ ನಂಟು ಗಟ್ಟಿಯಿದ್ದಷ್ಟೂ ಬೇಸರ ಹೆಚ್ಚು ಎಂಬುದು ಅದರ ಮುಖ್ಯ ಫಲಿತಾಂಶ. ನಮಗೆ ಬೇಕಾದದ್ದು ಇನ್ನೊಂದು ಅಂಶ: ಒಂಟಿತನ ಹೆಚ್ಚಿದ್ದವರಿಗೆ ಬೇಸರವೂ ಹೆಚ್ಚಾಗಿತ್ತು. 2007-08ರಲ್ಲಿ ಅಲ್ಲಿನ ಟೀವಿ ಬರಹಗಾರರು ಮುಷ್ಕರ ಹೂಡಿ ಧಾರಾವಾಹಿಗಳು ಕೆಲಕಾಲ ನಿಂತಾಗಲೂ ಇದೇ ಕಂಡಿತು. ಜೊತೆಗೆ ಯಾರಾದರೂ ಇರಲಿ ಎಂದು ಟೀವಿ ನೋಡುತ್ತಿದ್ದವರಿಗೆ ಹೆಚ್ಚು ನೋವಾಗಿತ್ತು.

ಸಮಾಧಾನದ ವಿಷಯವೆಂದರೆ, ನಿಜವಾದ ಸ್ನೇಹಿತರನ್ನೋ ಬಂಧುಗಳನ್ನೋ ಕಳೆದುಕೊಂಡಾಗ ಆಗುವ ನೋವಿಗಿಂತ ಇದು ಬಹಳ ಕಡಿಮೆಯದು, ಬೇಗ ಮಾಯುವಂಥದ್ದು. ಬಹುಮಂದಿಗೆ ಒಂದೆರಡು ವಾರ ಸಾಕು.

2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಮೆಚ್ಚಿನ ಕಾರ್ಯಕ್ರಮವನ್ನು ನೆನೆಸಿಕೊಂಡರೂ ಸಾಕು, ಮನುಷ್ಯರಿಗೆ ಒಂಟಿತನದ ಭಾವನೆ ಸ್ವಲ್ಪ ಇಳಿಯುತ್ತದೆ. ಹಾಗಿದ್ದರೆ ಆ ಹಳ್ಳಿಮನೆಯ ತಾಯಿ ಇಷ್ಟು ವರ್ಷ ಮಾಡಿದ್ದು ಕಾಲಹರಣವಲ್ಲ. ತನಗೆ ಗೊತ್ತಿಲ್ಲದೆಯೇ ಅವರು ತಮ್ಮ ಒಂಟಿತನಕ್ಕೆ ಮದ್ದು ಮಾಡಿಕೊಳ್ಳುತ್ತಿದ್ದರು. ಈಗ ಮದ್ದು ನಿಂತಿದೆ, ಒಂಟಿತನ ಹಾಗೆಯೇ ಉಳಿದಿದೆ.

ಹಿಂದೆ ಹೀಗಿರಲಿಲ್ಲವೇ?

ಇತ್ತು, ಬೇರೆ ಥರ ಇತ್ತು. 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರ ಬೆಳಿಗ್ಗೆ ರಮಾನಂದ ಸಾಗರರ 'ರಾಮಾಯಣ' ಬರುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿದ್ದೀತು. ಭಾಷೆ ಹಿಂದಿ, ನಮ್ಮ ಹಳ್ಳಿಗಳಲ್ಲಿ ಅದು ಅರ್ಥವಾಗುತ್ತಿದ್ದವರು ಕಡಿಮೆ. ಆದರೆ ಕಥೆ ಗೊತ್ತಿತ್ತಲ್ಲ! ಊರಿಗೊಂದೋ ಎರಡೋ ಟೀವಿ. ಆ ಮನೆಯ ನಡುಮನೆ ತುಂಬಿ ಕಿಟಕಿಯ ಸರಳುಗಳಿಗೂ ಮಕ್ಕಳು ಜೋತುಬೀಳುತ್ತಿದ್ದರು. ಅದು ಪಟ್ಟಾಭಿಷೇಕಕ್ಕೆ ಮುಗಿದಾಗ, ಉತ್ತರ ರಾಮಾಯಣವನ್ನೂ ತೋರಿಸಬೇಕೆಂದು ಪಂಜಾಬಿನ ಜಲಂಧರ್ ಮತ್ತು ಉತ್ತರದ ಇತರ ಕೆಲವು ಊರುಗಳಲ್ಲಿ ವಾಲ್ಮೀಕಿ ಸಮುದಾಯದ ಪೌರಕಾರ್ಮಿಕರು ಮುಷ್ಕರವನ್ನೇ ಹೂಡಿದರು. ಕೊನೆಗೆ ಉತ್ತರ ಭಾಗವೂ ಬಂತು. ಅವರ ಕಾರಣ ಬರೀ ಬೇಸರವಲ್ಲ, ವಾಲ್ಮೀಕಿಯ ಪಾಲಿನ ಕಥೆ ಬರಬೇಕೆಂಬುದು. ಆದರೂ ಒಂದು ಕಾರ್ಯಕ್ರಮ ಮುಗಿದದ್ದನ್ನು ಊರಿಗೆ ಊರೇ ಗಮನಿಸಿತು.

ಅಂದಿನ ಪ್ರಮಾಣವೂ ಚಿಕ್ಕದು, ವಾರಕ್ಕೊಂದು ಸಲ. 1998ರಲ್ಲಿ ದೂರದರ್ಶನದಲ್ಲಿ ಬಂದ ಟಿ.ಎನ್. ಸೀತಾರಾಂ ಮತ್ತು ಜೊತೆಗಾರರ 'ಮಾಯಾಮೃಗ'ದ ಕಾಲಕ್ಕೆ ಕನ್ನಡದ ಮನೆಗಳಿಗೆ ದಿನವೂ ಬರುವ ಕಥೆಯ ರೂಢಿ ಹತ್ತಿತು. ಮುಂದೆ ವರ್ಷಗಟ್ಟಲೆ ಓಡುವುದೇ ಸಾಮಾನ್ಯವಾಯಿತು. 'ಅಗ್ನಿಸಾಕ್ಷಿ' 2013ರ ಡಿಸೆಂಬರ್‌ನಲ್ಲಿ ಶುರುವಾಗಿ 2020ರ ಜನವರಿಯಲ್ಲಿ ಮುಗಿಯಿತು. ಶುರುವಿನಲ್ಲಿ ಅಂಗನವಾಡಿಗೆ ಹೋಗುತ್ತಿದ್ದ ಮಗು ಕೊನೆಯ ಹೊತ್ತಿಗೆ ನಾಲ್ಕನೇ ಕ್ಲಾಸಿನಲ್ಲಿತ್ತು!

ಇನ್ನೊಂದು ಬದಲಾವಣೆ ಇದಕ್ಕಿಂತ ಮುಖ್ಯ. ಆಗ ಹತ್ತು ಜನ ಕೂಡಿ ನೋಡುತ್ತಿದ್ದರು, ಮುಗಿದರೆ ಹತ್ತು ಜನಕ್ಕೂ ಬೇಸರ. ಮಾರನೆಯ ದಿನ ಬೋರ್‌ವೆಲ್ ಹತ್ತಿರ, ಸಂತೆಯಲ್ಲಿ ಅದೇ ಮಾತು. ಹಂಚಿಕೊಂಡ ಬೇಸರ ತಾನಾಗಿ ಕರಗುತ್ತಿತ್ತು. ಈಗ ಸೊಸೆಯ ಧಾರಾವಾಹಿ ಬೇರೆ, ಅತ್ತೆಯದು ಬೇರೆ, ಮೊಮ್ಮಗ ಫೋನಿನಲ್ಲಿ ನೋಡುವುದು ಯಾರಿಗೂ ಗೊತ್ತಿಲ್ಲ. ಅಜ್ಜಿಯ ಧಾರಾವಾಹಿ ಮುಗಿದದ್ದು ಮನೆಯಲ್ಲಿ ಅಜ್ಜಿಗೆ ಮಾತ್ರ ಗೊತ್ತು.

ನಡುವೆ ನಿಂತುಹೋದರೆ?

ಸರಿಯಾಗಿ ಮುಗಿದ ಕಥೆ ಒಂದು ಬಗೆ. 'ಕನ್ನಡತಿ' 2023ರ ಫೆಬ್ರವರಿಯ ಮೊದಲ ವಾರ ಮುಗಿದಾಗ ನೋಡುಗರಿಗೆ ಬೇಸರವಾದರೂ ಬೀಳ್ಕೊಟ್ಟ ಸಮಾಧಾನವಿತ್ತು. ಸೀತಾರಾಂ ಅವರ 'ಮಗಳು ಜಾನಕಿ'ಯ ಕಥೆ ಬೇರೆ. 2018ರಲ್ಲಿ ಆರಂಭವಾದ ಅದು 2020ರ ಕೊರೊನಾ ದಿಗ್ಬಂಧನದ ಕಾಲದಲ್ಲಿ ಚಿತ್ರೀಕರಣ ನಿಂತ ಮೇಲೆ ಮುಂದುವರಿಯಲಿಲ್ಲ. ಜಾನಕಿಯ ಕಥೆ ನಡುದಾರಿಯಲ್ಲೇ ಉಳಿಯಿತು. ಅದೂ ಯಾವ ಕಾಲ? ಮನೆಯಿಂದ ಹೊರಗೆ ಹೋಗುವಂತಿಲ್ಲ, ಯಾರೂ ಮನೆಗೆ ಬರುವಂತಿಲ್ಲ.

ಅರ್ಧಕ್ಕೆ ನಿಂತದ್ದು ಮನಸ್ಸನ್ನು ಜಗ್ಗುತ್ತದೆ. 1927ರಲ್ಲಿ ಬರ್ಲಿನ್‌ನಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಮನಃಶಾಸ್ತ್ರಜ್ಞೆ, ಮುಗಿಸಿದ ಕೆಲಸಕ್ಕಿಂತ ನಡುವೆ ಬಿಡಿಸಿದ ಕೆಲಸ ಹೆಚ್ಚು ನೆನಪಿರುತ್ತದೆ ಎಂದು ಬರೆದರು. ಆಮೇಲಿನ ಪರೀಕ್ಷೆಗಳಲ್ಲಿ ಈ ನೆನಪಿನ ಮಾತು ಎಲ್ಲ ಕಡೆ ನಿಜವಾಗಲಿಲ್ಲ. ಆದರೆ ಅರ್ಧಕ್ಕೆ ಬಿಟ್ಟದ್ದನ್ನು ಮತ್ತೆ ಹಿಡಿದು ಮುಗಿಸಬೇಕೆಂಬ ತುಡಿತ ಮನುಷ್ಯರಲ್ಲಿ ಇದ್ದೇ ಇದೆ. ಇದಕ್ಕೆ ಮನೆಮದ್ದು ಸುಲಭ. ಊಟಕ್ಕೆ ಕೂತಾಗ ಅಮ್ಮನನ್ನೇ ಕೇಳಿ: "ಮುಂದೆ ಏನಾಗ್ತಿತ್ತು ಅಂತೀಯ?" ಅವರು ಹೇಳಲಿ. ಹತ್ತು ನಿಮಿಷ ಕೇಳಿಸಿಕೊಳ್ಳಿ, ನಡುವೆ ಫೋನ್ ನೋಡಬೇಡಿ. ನಿರ್ದೇಶಕರು ಮುಗಿಸದ ಕಥೆಯನ್ನು ಅವರೇ ಮುಗಿಸುತ್ತಾರೆ. ಬಹುಶಃ ಇನ್ನೂ ಚೆನ್ನಾಗಿ.

ಮಕ್ಕಳ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಧಾರಾವಾಹಿಯಲ್ಲಿ ಅಜ್ಜಿಯ ಪಾತ್ರವೋ ತಾಯಿಯ ಪಾತ್ರವೋ ಸತ್ತರೆ, ಚಿಕ್ಕ ಮಕ್ಕಳಿಗೆ ಆ ನಟಿ ಬದುಕಿದ್ದಾರೆ, ಮನೆಯಲ್ಲಿ ಊಟ ಮಾಡುತ್ತಿದ್ದಾರೆ ಎಂಬುದನ್ನು ಬಿಡಿಸಿ ಹೇಳಬೇಕು. ಸಾಧ್ಯವಾದರೆ ಅವರದೇ ಬೇರೆ ಕಾರ್ಯಕ್ರಮವೊಂದನ್ನು ತೋರಿಸಿ.

ಮಾತ್ರೆಯ ಗಡಿಯಾರ

ಈಗ ವೈದ್ಯನಾಗಿ ನನಗೆ ಹೆಚ್ಚು ಚಿಂತೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಹಿರಿಯರಲ್ಲಿ ಅನೇಕರು ಗಡಿಯಾರ ನೋಡಿ ಮಾತ್ರೆ ನುಂಗುವವರಲ್ಲ. 'ಆ ಧಾರಾವಾಹಿ ಶುರುವಾಗುವಾಗ ಸಕ್ಕರೆ ಮಾತ್ರೆ, ಮುಗಿದ ಮೇಲೆ ಊಟ, ಊಟವಾದ ಮೇಲೆ ಬಿ.ಪಿ. ಮಾತ್ರೆ' ಎಂಬುದು ಅವರ ಲೆಕ್ಕ. ಇದು ಒಳ್ಳೆಯ ಲೆಕ್ಕವೇ. ದಿನವೂ ತಪ್ಪದೆ ನಡೆಯುವ ಒಂದು ಸಂಗತಿಗೆ ಮಾತ್ರೆಯನ್ನು ಕಟ್ಟಿದರೆ ಮರೆವು ಕಡಿಮೆ. ಆದರೆ ಗೂಟವೇ ಕಿತ್ತುಹೋದರೆ ಹಗ್ಗ ಎಲ್ಲಿ ನಿಲ್ಲುತ್ತದೆ? ಧಾರಾವಾಹಿ ಮುಗಿದ ವಾರ ಮಾತ್ರೆ ತಪ್ಪುವುದು, ಇಲ್ಲವೇ ಎರಡು ಸಲ ನುಂಗುವುದು, ಊಟ ಒಂಬತ್ತೂವರೆಗೆ ಹೋಗುವುದು, "ಹಸಿವಿಲ್ಲ" ಎಂದು ಬರೀ ಮಜ್ಜಿಗೆ ಕುಡಿದು ಮಲಗುವುದು, ಇವೆಲ್ಲ ನಡೆಯಬಹುದು.

ರಕ್ತದೊತ್ತಡದ ಮಾತ್ರೆ ನಾಲ್ಕು ದಿನ ತಪ್ಪಿದರೆ ತಲೆ ಸುತ್ತಬೇಕೆಂದೇನಿಲ್ಲ, ನೋವೂ ಆಗುವುದಿಲ್ಲ. ಒತ್ತಡ ಸದ್ದಿಲ್ಲದೆ ಏರುತ್ತದೆ, ಅಪಾಯವಿರುವುದು ಅಲ್ಲಿಯೇ. ಒಂದು ಹೊತ್ತಿನದು ತಪ್ಪಿದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳಬಹುದು. ಮಾರನೆಯ ದಿನ ಎರಡೂ ಸೇರಿಸಿ ನುಂಗಬಾರದು.

ಸಕ್ಕರೆ ಕಾಯಿಲೆಯವರ ವಿಷಯ ಇದಕ್ಕೆ ತಿರುಗುಮುರುಗು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗಿ, ಅಥವಾ ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿಯುತ್ತದೆ. ಕೈ ನಡುಕ, ತಣ್ಣನೆಯ ಬೆವರು, ಎದೆಬಡಿತ, ಅಸಂಬದ್ಧ ಮಾತು ಕಂಡರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಊಟ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಇದನ್ನು ಮೊದಲೇ ಹೇಳಿಕೊಟ್ಟು, ಸಕ್ಕರೆ ಡಬ್ಬಿ ಕೈಗೆಟುಕುವಂತೆ ಇಡಬೇಕು. ಬ್ಯಾರನ್ ಕಾಲದಲ್ಲಿ ಇದು ಇನ್ನೂ ಮುಖ್ಯ.

ಹಾಗಾಗಿ ಧಾರಾವಾಹಿ ಮುಗಿಯುವ ಸುದ್ದಿ ಗೊತ್ತಾದ ಕೂಡಲೇ ಮಾತ್ರೆಯನ್ನು ಬೇರೆ ಗೂಟಕ್ಕೆ ಕಟ್ಟಿ. ಹೊಸ ಧಾರಾವಾಹಿಗೆ ಬೇಡ, ಅದೂ ಒಂದು ದಿನ ಮುಗಿಯುತ್ತದೆ. ದೇವರ ದೀಪ ಹಚ್ಚುವ ಹೊತ್ತು, ಕೊಟ್ಟಿಗೆ ಕೆಲಸ ಮುಗಿದು ಕೈಕಾಲು ತೊಳೆಯುವ ಹೊತ್ತು, ತಟ್ಟೆ ಹಾಕುವ ಹೊತ್ತು, ಇವು ಯಾವ ಚಾನೆಲಿನವರ ಕೈಯಲ್ಲೂ ಇಲ್ಲ. ವೈದ್ಯರು ಊಟಕ್ಕೆ ಮುಂಚೆ, ಊಟದ ನಂತರ ಎಂದು ಹೇಳಿದ್ದರೆ ಆ ಕ್ರಮ ಮಾತ್ರ ಬದಲಾಗಬಾರದು.

ಮನೆಯವರು ಏನು ಮಾಡಬಹುದು?

ಕೊನೆಯ ಕಂತನ್ನು ಅವರೊಬ್ಬರೇ ನೋಡುವಂತೆ ಬಿಡಬೇಡಿ. ನಿಮಗೆ ಕಥೆ ತಲೆಬುಡ ಗೊತ್ತಿಲ್ಲದಿದ್ದರೂ ಪಕ್ಕದಲ್ಲಿ ಕೂರಿ. "ಇವಳು ಯಾರು, ಅವನು ಯಾಕೆ ಅಳ್ತಿದ್ದಾನೆ" ಎಂದು ಕೇಳಿ. ಹೇಳುವಾಗ ಅವರ ಮುಖ ನೋಡಿ. ಪಕ್ಕದ ಮನೆಯವರೂ ಅದನ್ನೇ ನೋಡುವವರಾದರೆ ಅಂದು ಎರಡು ಮನೆಯವರೂ ಒಂದೇ ಟೀವಿ ಮುಂದೆ ಕೂರಬಹುದು. ಒಂದು ತಟ್ಟೆ ಬಜ್ಜಿ ಕರಿದರೆ ಬೇಡವೆನ್ನುವವರಿಲ್ಲ (ಸಕ್ಕರೆ, ಬಿ.ಪಿ. ಇರುವವರಿಗೆ ಎರಡು ಸಾಕು).

ಬೆಂಗಳೂರಿನಲ್ಲಿರುವ ಮಕ್ಕಳಿಗೆ ಒಂದು ಕೆಲಸವಿದೆ. ಭಾನುವಾರ ಬೆಳಿಗ್ಗೆ ಮಾಡುವ ವಾರದ ಫೋನನ್ನು ಈ ಎರಡು ವಾರ ಬದಲಿಸಿ. ಸೋಮವಾರದಿಂದ ಶುಕ್ರವಾರದವರೆಗೆ, ಆ ಧಾರಾವಾಹಿ ಬರುತ್ತಿದ್ದ ಹೊತ್ತಿಗೇ ಹತ್ತು ನಿಮಿಷ ಮಾತಾಡಿ. ಬೆಳಿಗ್ಗೆ ಮಾತಾಡಿದರೆ ಆಗುವುದಿಲ್ಲವೇ ಎನ್ನಬಹುದು. ಖಾಲಿಯಾಗಿರುವುದು ಬೆಳಿಗ್ಗೆಯಲ್ಲ, ಏಳೂವರೆ.

ಅರ್ಧ ಗಂಟೆ ಬಿಡುವಾಯಿತಲ್ಲ, ನಡಿಗೆಗೆ ಹೋಗಬಾರದೇ ಎಂದು ನೀವು ಕೇಳುತ್ತೀರಿ. ವೈದ್ಯರೂ ಅದನ್ನೇ ಹೇಳುತ್ತಾರೆಂದು ನಿಮಗೆ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ ಬೇಕೆನ್ನುತ್ತದೆ. ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ, ಅಂದರೆ ಕರಾರುವಾಕ್ಕಾಗಿ ಒಂದು ಧಾರಾವಾಹಿಯ ಅವಧಿ! ಆದರೆ ಮೊದಲ ದಿನವೇ ಈ ಉಪದೇಶ ಮಾಡಬೇಡಿ. ಬೇಸರದಲ್ಲಿರುವವರಿಗೆ "ಹೋಗಿದ್ದೇ ಒಳ್ಳೆಯದಾಯಿತು" ಎಂದಂತೆ ಕೇಳಿಸುತ್ತದೆ. ಒಂದು ವಾರ ಬಿಟ್ಟು, "ಬಾ, ದೇವಸ್ಥಾನದ ತನಕ ಹೋಗಿ ಬರೋಣ" ಎಂದು ನೀವೇ ಚಪ್ಪಲಿ ಮೆಟ್ಟಿ. ಕತ್ತಲಾಗುವ ಮುಂಚೆ ಹೊರಟರೆ ಒಳ್ಳೆಯದು, ಮಬ್ಬು ಬೆಳಕಿನಲ್ಲಿ ವಯಸ್ಸಾದವರು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಬಹುದು. ಮಂಡಿನೋವಿದ್ದರೆ ಅಂಗಳದಲ್ಲೇ ಹತ್ತು ಹತ್ತು ನಿಮಿಷ ಮೂರು ಸಲ.

ಹೊಸ ಧಾರಾವಾಹಿ ನೋಡಬಾರದೆಂದು ನಾನು ಹೇಳುವುದಿಲ್ಲ. ಹೊಸ ಮುಖಗಳಿಗೆ ಒಗ್ಗಲು ಕೆಲವು ವಾರ ಬೇಕು. ಮೊದಲ ದಿನ "ಇದು ಚೆನ್ನಾಗಿಲ್ಲ" ಎಂದವರು ತಿಂಗಳ ಕೊನೆಗೆ ಅದರ ಖಳನಾಯಕಿಯನ್ನು ಬೈಯುತ್ತಿರುತ್ತಾರೆ. ಆಗ ಗಾಬರಿ ಬೇಡ, ಗುಣವಾಗಿದ್ದಾರೆ ಎಂದರ್ಥ. ಹಳೆಯ ನೆಂಟರು ವಾಪಸಾಗುವುದೂ ಉಂಟು. 'ಮಾಯಾಮೃಗ' ಇಪ್ಪತ್ನಾಲ್ಕು ವರ್ಷಗಳ ಮೇಲೆ 2022ರಲ್ಲಿ 'ಮತ್ತೆ ಮಾಯಾಮೃಗ'ವಾಗಿ ಬಂತು.

ವೈದ್ಯರನ್ನು ಕಾಣುವುದು ಯಾವಾಗ?

ಎರಡು ವಾರ ಕಳೆದರೂ ದಿನದ ಹೆಚ್ಚಿನ ಹೊತ್ತು ಮಂಕಾಗಿರುವುದು, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ಸೇರದೆ ತೂಕ ಇಳಿಯುವುದು, "ನಾನಿದ್ದು ಏನು ಪ್ರಯೋಜನ" ಎಂಬ ಮಾತು, ಇವು ಕಂಡರೆ ಅದನ್ನು ಧಾರಾವಾಹಿಯ ತಲೆಗೆ ಕಟ್ಟಬೇಡಿ. ಇದು ಖಿನ್ನತೆ ಇರಬಹುದು. ಎಷ್ಟೋ ಸಲ ಹಳೆಯ ದುಃಖವೊಂದು, ಯಜಮಾನರ ಸಾವೋ ಮಗನ ವಲಸೆಯೋ, ಆ ಅರ್ಧ ಗಂಟೆಯ ಗದ್ದಲದಡಿ ಮುಚ್ಚಿಕೊಂಡಿರುತ್ತದೆ. ಗದ್ದಲ ನಿಂತಾಗ ಅದು ಮೇಲೆ ಬರುತ್ತದೆ. ಖಿನ್ನತೆಗೆ ಚಿಕಿತ್ಸೆ ಇದೆ, ವಯಸ್ಸಾದವರಲ್ಲೂ ಗುಣ ಕಾಣುತ್ತದೆ. ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡಿ, ಆ ದಿನವೇ ವೈದ್ಯರ ಬಳಿ ಕರೆದೊಯ್ಯಿರಿ.

ಇನ್ನೊಂದು ಸೂಚನೆಯನ್ನು ಮನೆಯವರು ತಮಾಷೆಯೆಂದು ಬಿಟ್ಟುಬಿಡುತ್ತಾರೆ. ಪಾತ್ರವನ್ನು ಬೈಯುವುದು, ಹೊಗಳುವುದು ಎಲ್ಲರೂ ಮಾಡುವುದೇ. ಆದರೆ ಟೀವಿಯಲ್ಲಿರುವವರು ನಿಜವಾಗಿ ಮನೆಯೊಳಗೆ ಬಂದಿದ್ದಾರೆಂದು ಅವರಿಗೂ ತಟ್ಟೆ ಹಾಕುವುದು, ಖಳನಾಯಕ ಬರುತ್ತಾನೆಂದು ಬಾಗಿಲು ಹಾಕಿಸುವುದು, ಧಾರಾವಾಹಿ ಮುಗಿದ ಮೇಲೂ "ಅವರು ಯಾಕೆ ಬಂದಿಲ್ಲ" ಎಂದು ದಾರಿ ಕಾಯುವುದು ಮರೆಗುಳಿ ಕಾಯಿಲೆಯ, ಅಂದರೆ ಡಿಮೆನ್ಷಿಯಾದ, ಚಿಹ್ನೆಯಾಗಿರಬಹುದು. ಇತ್ತೀಚೆಗೆ ಟೀವಿ ಸದ್ದು ಬಹಳ ಜಾಸ್ತಿ ಮಾಡಿಕೊಳ್ಳುತ್ತಿದ್ದರೆ ಕಿವಿಯನ್ನೂ ತೋರಿಸಿ. ಕಿವಿ ಮಂದವಾದವರು ಮನುಷ್ಯರ ಮಾತಿಗಿಂತ ಟೀವಿಯನ್ನೇ ನೆಚ್ಚುವುದುಂಟು, ಅದರ ಸದ್ದನ್ನು ಹೆಚ್ಚಿಸಬಹುದಲ್ಲ!

ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಮನೋವೈದ್ಯರು ಬೇಕೆನಿಸಿದರೆ ಅವರೇ ಮೈಸೂರಿಗೆ ಬರೆದುಕೊಡುತ್ತಾರೆ. ಫೋನಿನಲ್ಲೇ ಕೇಳಬೇಕೆಂದರೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹಳೆಯ ಕಂತುಗಳನ್ನು ಮತ್ತೆ ತೋರಿಸಬಹುದೇ?

ಈ ಪ್ರಶ್ನೆ ಬಂದೇ ಬರುತ್ತದೆ. ತೋರಿಸಬಹುದು. ಫೋನಿನ ಆ್ಯಪ್‌ಗಳಲ್ಲಿ ಅನೇಕ ಧಾರಾವಾಹಿಗಳ ಹಳೆಯ ಕಂತುಗಳು ಸಿಗುತ್ತವೆ. ಆದರೆ ಫೋನನ್ನು ಅವರ ಕೈಗೆ ಕೊಟ್ಟು ನೀವು ಮಲಗಲು ಹೋಗಬೇಡಿ. ಒಂದು ಕಂತು ಮುಗಿಯುವಷ್ಟರಲ್ಲಿ ಮುಂದಿನದು ತಾನಾಗಿ ಶುರುವಾಗುತ್ತದೆ, ನೋಡನೋಡುತ್ತ ಹನ್ನೆರಡು ಗಂಟೆಯಾಗುತ್ತದೆ. ನಿದ್ದೆಗೆಟ್ಟ ಮರುದಿನ ಬಿ.ಪಿ. ನೋಡಿಸಿದರೆ ಅದೂ ಏರಿರಬಹುದು. ದಿನಕ್ಕೆ ಒಂದೇ ಕಂತು, ಮೊದಲಿನ ಹೊತ್ತಿಗೇ, ಊಟಕ್ಕೆ ಮುಂಚೆ. ಅಷ್ಟು ಸಣ್ಣ ಪರದೆ ನೋಡಲು ಕಣ್ಣು ಕಿರಿದು ಮಾಡುತ್ತಿದ್ದರೆ ಫೋನನ್ನು ಟೀವಿಗೆ ಜೋಡಿಸಿಕೊಡಿ, ಮೊಮ್ಮಗನಿಗೆ ಅದು ಗೊತ್ತಿರುತ್ತದೆ. ಹಾಗೆಯೇ ಕಣ್ಣಿನ ಪೊರೆ ಬಂದಿದೆಯೇ ಎಂದು ಒಮ್ಮೆ ಪರೀಕ್ಷೆ ಮಾಡಿಸಿ.